ವಾಟ್ನಿಯಾದ ವಿಮಾನ

ಮುನವಳ್ಳಿ
೨೬ ಅಕ್ಟೋಬರ್ ೨೦೨೩

ತಮ್ಮ ಶ್ರೀಶೈಲನಿಗೆ,

ನಿನ್ನ ಫೋನಿಗೆ ನನ್ನ ನಂಬರು ಹತ್ತುವುದಿಲ್ಲ. ಗಂಗಾ ತನ್ನ ಫೋನಿನಿಂದ ಹಚ್ಚಿ ಕೊಡುತ್ತೇನೆಂದಳು. ಮಗಳ ಬೆನ್ನಿಗೆ ಅಡಗಿ ತಮ್ಮನ ಕೂಡ ಮಾತಾಡುವುದು ಬೇಡವೆನ್ನಿಸಿತು. ಹೀಗಾಗಿ ಈ ಕಾಗದ. ರಾಮದುರ್ಗದ ಬಸ್ಸಿನ ಕಂಡಕ್ಟರ್ ಸಾಗರ ನಮ್ಮ ಪಂಪಿನ ಸಾಮಾನಿನ ಅಂಗಡಿಗೆ ಬಂದು ಹೋಗುವ ಹುಡುಗ. ಬುತ್ತಿಯ ಗಂಟಿನೊಳಗೆ ಇದನ್ನಿಟ್ಟು ಅವನ ಕೈಗೆ ಕೊಡುತ್ತಿದ್ದೇನೆ. ಗಂಟಿನಲ್ಲಿ ನಿನ್ನ ವೈನಿ ಸುಂದರವ್ವ ಹಬ್ಬಕ್ಕೆ ಮಾಡಿದ ಕರ್ಚಿಕಾಯಿ ಇವೆ. ಕಾಗದ ಓದದಿದ್ದರೂ ಅವನ್ನು ತಿನ್ನು.

ದಸರೆಯ ಖಂಡೇಪೂಜೆಗೆಂದು ಅಟ್ಟ ಸ್ವಚ್ಛ ಮಾಡುವಾಗ ಆ ಡಬ್ಬಿ ಸಿಕ್ಕಿತು. ನೀನು ಸೀರೆ ಖರೀದಿಗೆ ಹೋದಾಗ ಬೆಂಗಳೂರಿನಿಂದ ತಂದಿದ್ದೆಯಲ್ಲ, ಬಾಲ್ಸಾ ಎಂಬ ಹಗುರ ಕಟ್ಟಿಗೆಯ ವಿಮಾನ. ಕಡ್ಡಿಗೆ ಕಡ್ಡಿ ಅಂಟಿಸಿ ನಾವೇ ಕಟ್ಟಬೇಕು, ರಬ್ಬರ್ ತಿರುವಿ ಬಿಟ್ಟರೆ ಹಾರುತ್ತದೆ ಎಂದಿದ್ದೆ. ದೀಪಾವಳಿಗೆ ಇಬ್ಬರೂ ಕೂತು ಕಟ್ಟೋಣ ಎಂದೆವು. ದೀಪಾವಳಿಗಿಂತ ಮೊದಲು ನಮ್ಮ ಮನೆಗೆ ವಾಟ್ನಿ ಬಂತು, ಮನೆ ಪಾಲಾಯಿತು.

ಎಷ್ಟೋ ವರ್ಷವಾಯಿತು, ನಿನಗೆ ನೆನಪಿದೆಯೋ ಇಲ್ಲವೋ. ಪಂಪಿನ ಅಂಗಡಿ, ಒಣ ಹೊಲ ನನಗೆ, ಸೀರೆ ಅಂಗಡಿ, ಕೆನಾಲ್ ದಂಡೆಯ ಹೊಲ ನಿನಗೆ. ಹಂಡೆ ನನಗೆ, ಕೊಪ್ಪರಿಗೆ ನಿನಗೆ. ಎಲ್ಲ ಪಾಲಾದ ಮೇಲೆ ಪಂಚರ ಹಿರಿಯ ಮಡಿವಾಳೆಪ್ಪ ಕಾಕಾ ಆ ಡಬ್ಬಿಯ ಮೇಲೆ ಕೋಲಿಟ್ಟು, "ಇದು ಯಾರದು?" ಎಂದರು. "ಇಬ್ಬರದೂ" ಎಂದೆವು. ನಾವಿಬ್ಬರೂ ಒಂದೇ ಸಲಕ್ಕೆ ಆಡಿದ ಕೊನೆಯ ಮಾತು ಅದೇ ಇರಬೇಕು. "ಇಬ್ಬರದೂ ಅಂದ್ರ ಎರಡು ಪಾಲು. ಎರಡು ರೆಕ್ಕಿ ಅದಾವಿಲ್ಲೊ? ಒಬ್ಬಗ ಒಂದು. ಮೈ ಹಿರೇವಗ. ಬಾಲ, ಪಂಖಾ, ರಬ್ಬರ ಸಣ್ಣವಗ" ಎಂದರು. ಉಳಿದದ್ದು ನಕ್ಷೆ. ಅದು ಒಂದೇ ಹಾಳೆ. "ಕತ್ತರಿ ತಾರ್ರಿ" ಎಂದರು. ತಂದು ಕೊಟ್ಟರು.

ರೆಕ್ಕೆಯ ಚಿತ್ರವಿದ್ದ ಮೇಲಿನ ಅರ್ಧ ನಿನ್ನಲ್ಲಿದೆ. ಮೈಯ ಚಿತ್ರವಿದ್ದ ಕೆಳಗಿನ ಅರ್ಧ ನನ್ನಲ್ಲಿದೆ. ನಿನ್ನ ಅರ್ಧ ಕಳಿಸು. ನೋಡಿಕೊಂಡು ಹಾಗೆಯೇ ತಿರುಗಿ ಮುಟ್ಟಿಸುತ್ತೇನೆ.

ನಿನ್ನ ಅಣ್ಣ,
ನಿಜಗುಣಪ್ಪ


ರಾಮದುರ್ಗ
೬ ನವೆಂಬರ್ ೨೦೨೩

ಶ್ರೀ ನಿಜಗುಣಪ್ಪನವರಿಗೆ ನಮಸ್ಕಾರ.

ಬುತ್ತಿ ಮುಟ್ಟಿತು. ಅರಿವೆ, ಡಬ್ಬಿ ತಿರುಗಿ ಕಳಿಸಿದ್ದೇನೆ. ಖಾಲಿ ಡಬ್ಬಿ ಕಳಿಸಬಾರದೆಂದು ಶೈಲಜಾ ಬೆಲ್ಲ ಇಟ್ಟಿದ್ದಾಳೆ. ಅದು ಅವಳದು, ನನ್ನದಲ್ಲ.

ನಕ್ಷೆ ಕೊಡಲು ಬರುವುದಿಲ್ಲ. ಪಾಲಾದ ವಸ್ತು ಪಾಲಾಯಿತು. ಕತ್ತರಿ ತಂದಾಗ ನಾನು ನಿಮ್ಮ ಮುಖ ನೋಡಿದೆ. ನೀವು ನೆಲ ನೋಡುತ್ತ "ಆಗಲಿ" ಎಂದಿರಿ. ಆಗಿದೆ.

ಅಷ್ಟಕ್ಕೂ ಮಗಳು ಕಾಲೇಜಿಗೆ ಹೋಗುವ ವಯಸ್ಸಿನಲ್ಲಿ ನಿಮಗೆ ಆಟಿಕೆಯ ವಿಮಾನ ಯಾಕೆ?

ಶ್ರೀಶೈಲ


ಮುನವಳ್ಳಿ
೧೭ ನವೆಂಬರ್ ೨೦೨೩

ಶ್ರೀಶೈಲಾ,

ನಕ್ಷೆ ಇಲ್ಲವೆಂದದ್ದಕ್ಕೆ ನೋವಾಗಲಿಲ್ಲ. ನನಗೆ 'ನೀವು' ಎಂದು ಬರೆದಿದ್ದೀಯಲ್ಲ, ಅದನ್ನು ಓದಿ ಚಾ ಕುಡಿಯುವುದನ್ನು ಬಿಟ್ಟೆ. ಹುಟ್ಟಿದಾಗಿನಿಂದ ನನ್ನ ಮೇಲೆ ಸಿಟ್ಟು ಬಂದರೆ "ನೀ ಸಾಯೋ" ಎಂದವನು ನೀನು. ಅದೇ ಚೆನ್ನಾಗಿತ್ತು.

ಯಾಕೆ ಎಂದು ಕೇಳಿದ್ದೀಯ. ಹೇಳುತ್ತೇನೆ. ಸಕ್ಕರೆ ಬೇನೆ ಕಣ್ಣಿಗೆ ಇಳಿದಿದೆ. ಎಡಗಣ್ಣು ಮಳೆಗಾಲದಲ್ಲೇ ಹೋಯಿತು. ಗುಡ್ಡೆಯ ಹಿಂದೆ ಸಣ್ಣ ಸಣ್ಣ ನರ ಸೋರುತ್ತವಂತೆ. ಹುಬ್ಬಳ್ಳಿಯ ಡಾಕ್ಟರು ಕಣ್ಣಿನೊಳಕ್ಕೇ ಸೂಜಿ ಹಾಕುತ್ತಿದ್ದಾರೆ. ಬಲಗಣ್ಣು ಎಷ್ಟು ದಿನ ಬಂದೀತು ಎಂದು ಕೇಳಿದರೆ "ನೋಡೂಣ್ರಿ" ಎಂದರು. ಕಣ್ಣಿನ ಡಾಕ್ಟರು "ನೋಡೂಣ" ಎಂದರೆ ನಗಬೇಕೋ ಅಳಬೇಕೋ ತಿಳಿಯದೆ ನಾನು ಸುಂದರಿಯ ಮುಖ ನೋಡಿದೆ. ಆ ಮುಖದ ನಡುವೆ ಕಪ್ಪು ಚುಕ್ಕೆಯಿತ್ತು.

ಮನೆಯವರೆಲ್ಲ ಏನು ನೋಡಬೇಕೋ ಈಗಲೇ ನೋಡಿಬಿಡು ಎನ್ನುತ್ತಾರೆ. ಎಲ್ಲಮ್ಮನ ಗುಡ್ಡ ಹತ್ತಿಸಿ ತಂದರು. ಕಿತ್ತೂರ ಕೋಟೆಗೆ ಕರೆದೊಯ್ಯುತ್ತೇನೆ ಎನ್ನುತ್ತಾಳೆ ಗಂಗಾ. ಅವೆಲ್ಲ ನೋಡಿದವೇ. ಕಣ್ಣು ಮುಚ್ಚಿಯೂ ಎಲ್ಲಮ್ಮನ ಗುಡ್ಡ ಹತ್ತಬಲ್ಲೆ. ನೋಡಬೇಕೆಂದುಕೊಂಡು ನೋಡದೆ ಬಿಟ್ಟದ್ದು ಅದೊಂದೇ. ನೋಡದೇ ಇದ್ದದ್ದನ್ನು ನಾಳೆ ಕತ್ತಲಲ್ಲಿ ಕೂತು ಹೇಗೆ ನೆನೆಸಿಕೊಳ್ಳಲಿ? ಒಂದೇ ಒಂದು ಸಲ ಅದು ಗಾಳಿಯಲ್ಲಿ ನಿಂತದ್ದನ್ನು ನೋಡಬೇಕು.

ಈ ಕಾಗದ ಓದಿ ಕನಿಕರಪಡಬೇಡ. ಅರ್ಧ ಹಾಳೆ ಕಳಿಸು, ಸಾಕು.

ನಿಜಗುಣ


ರಾಮದುರ್ಗ
೨ ಡಿಸೆಂಬರ್ ೨೦೨೩

ಅಣ್ಣನಿಗೆ,

ಪಾಲಿನ ಹಾಳೆ ಕೊಡುವುದಿಲ್ಲ ಎಂದದ್ದು ಎಂದಂತೆಯೇ. ಆದರೆ ನಕಲು ತೆಗೆಯಬಾರದೆಂದು ವಾಟ್ನಿ ಕಾಗದದಲ್ಲಿ ಬರೆದಿಲ್ಲ. ಸೀರೆಯ ಮಡಿಕೆಯಲ್ಲಿ ಇಡುವ ತೆಳು ಕಾಗದ ಅಂಗಡಿಯಲ್ಲಿ ಬೇಕಾದಷ್ಟಿದೆ. ಅದನ್ನು ಮೇಲೆ ಹಾಸಿ ರೆಕ್ಕೆಯ ಚಿತ್ರವನ್ನು ಗೆರೆಗೆ ಗೆರೆ ತೆಗೆದಿದ್ದೇನೆ. ಇದರೊಂದಿಗಿದೆ.

ಕಣ್ಣಿನ ವಿಷಯ ಓದಿ ಶೈಲಜಾ ಅತ್ತಳು. ಆಮೇಲೆ ನನಗೆ ಬೈದಳು: "ಅಣ್ಣ ತಮ್ಮ ಕೂಡಿ ಕಣ್ಣಿಗೂ ವಾಟ್ನಿ ಹಾಕ್ತೀರೇನು? ನಿಮಗೊಂದು ಕಣ್ಣು, ಭಾವಗೊಂದು?" ಅವಳ ಮಾತಿಗಾಗಿ ಇದನ್ನು ಕಳಿಸುತ್ತಿಲ್ಲ.

ಬ್ಲೇಡು ಹೊಸದಿರಲಿ. ಬಾಲ್ಸಾ ಬಹಳ ಮೆತ್ತಗೆ. ಹಳೆಯ ಬ್ಲೇಡು ಕೊಯ್ಯುವುದಿಲ್ಲ, ಹಿಂಡುತ್ತದೆ.

ಶ್ರೀಶೈಲ


ಮುನವಳ್ಳಿ
೨೮ ಡಿಸೆಂಬರ್ ೨೦೨೩

ಶ್ರೀಶೈಲಾ,

ಈ ಸಲ 'ನೀ' ಎನ್ನಲಿಲ್ಲ, 'ನೀವು' ಎಂದೂ ಎನ್ನಲಿಲ್ಲ. ಎರಡರ ನಡುವೆ ಕಾಲಿಟ್ಟು ಒಂದು ಪುಟ ದಾಟಿದ್ದೀಯ. ಅಷ್ಟಾದರೂ ಬಂತು.

ಅಕ್ಷರ ದೊಡ್ಡವಾಗಿವೆ, ಕ್ಷಮಿಸು. ಸಣ್ಣದಾಗಿ ಬರೆದರೆ ಒಂದರ ಮೇಲೊಂದು ಹತ್ತುತ್ತವೆ.

ಮೈ ಕಟ್ಟಿದೆ. ಗಂಗಾಳ ಹಳೆಯ ಕಟ್ಟಿಗೆ ಹಲಿಗೆಯ ಮೇಲೆ ನಕ್ಷೆ ಹಾಸಿ, ಮೇಲೆ ಪ್ಲಾಸ್ಟಿಕ್ ಹೊದಿಸಿ, ಗೆರೆಯ ಮೇಲೆ ಕಡ್ಡಿಯಿಟ್ಟು ಗುಂಡುಸೂಜಿ ಚುಚ್ಚುವುದು. ಅಂಟು ಹಿಡಿಯುವವರೆಗೆ ಉಸಿರು ಬಿಡದೆ ಕೂರುವುದು. ಅಂಗಡಿಯಲ್ಲಿ ದಿನವೆಲ್ಲ ಕಬ್ಬಿಣ ಹಿಡಿದ ಕೈಗೆ ಈ ಕಟ್ಟಿಗೆ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಮೊದಲ ದಿನ ಹಿಡಿದದ್ದೇ ಮುರಿಯಿತು. ಸುಂದರಿ, "ಹಪ್ಪಳಾ ಹಿಡದಂಗ ಹಿಡೀರಿ" ಎಂದಳು. ಆಮೇಲೆ ಸರಿಹೋಯಿತು.

ರೆಕ್ಕೆಯ ಪಕ್ಕೆಲುಬುಗಳನ್ನು ನಿನ್ನ ನಕಲಿನ ಮೇಲಿಟ್ಟು ಕಟ್ಟುತ್ತಿದ್ದೇನೆ. ಗೆರೆ ಒಂದಿದ್ದದ್ದು ಎರಡಾಗಿ ಕಾಣುತ್ತದೆ. ಯಾವುದು ನಿಜವೆಂದು ಗಂಗಾ ಬೆರಳಿಟ್ಟು ತೋರಿಸುತ್ತಾಳೆ. ಹೋದ ವಾರ ಸೂಜಿಗೆ ಹೋದಾಗ ಡಾಕ್ಟರು ಏನೂ ಹೇಳಲಿಲ್ಲ. "ನೋಡೂಣ" ಎಂದೂ ಹೇಳಲಿಲ್ಲ.

ಬೇಗ ಆಗಬೇಕು ಶ್ರೀಶೈಲಾ. ಬೆಳಿಗ್ಗೆ ಎದ್ದಕೂಡಲೇ ಮೊದಲು ಗೋಡೆಯ ಕ್ಯಾಲೆಂಡರ್ ನೋಡುತ್ತೇನೆ. ತಾರೀಖು ಓದಲು ಬರುತ್ತದೆಯೇ ಎಂದು ನೋಡುತ್ತೇನೆ. ಬಂದರೆ ಆ ದಿನ ನನ್ನದು.

ಇನ್ನೊಂದು ರೆಕ್ಕೆಗೆ ಬೇಕಾದ ಕಡ್ಡಿಗಳು ನಿನ್ನ ಪಾಲಿನಲ್ಲಿವೆ. ಅವನ್ನು ಕೇಳಲು ನಾಲಿಗೆ ಏಳುತ್ತಿಲ್ಲ. ಆದರೂ ಕೇಳಿದ್ದೇನೆ ಎಂದು ತಿಳಿ.

ನಿನ್ನ ಅಣ್ಣ


ರಾಮದುರ್ಗ
೨೦ ಜನೆವರಿ ೨೦೨೪

ಅಣ್ಣಾ,

ನೀನು ಕೇಳುವ ಮೊದಲೇ ನನ್ನ ರೆಕ್ಕೆ ಕಟ್ಟಲು ಶುರುಮಾಡಿದ್ದೆ. ನಕಲು ತೆಗೆಯುವಾಗ ಕೈ ಗೆರೆಯ ಮೇಲೆ ಹೋಗಿ ಹೋಗಿ ಆಸೆ ಹತ್ತಿತು. ಅಂಗಡಿಯ ಮೇಜಿನ ಮೇಲೆ ಕಟ್ಟಿದೆ. ಸೀರೆ ನೋಡಲು ಬಂದ ಹೆಣ್ಣುಮಕ್ಕಳು, "ಸಾವಕಾರ್ರ, ಹಂದರಾ ಯಾರ ಮದುವಿಗಿ?" ಎಂದು ನಕ್ಕರು. ಮೇಲೆ ತೆಳು ಕಾಗದ ಅಂಟಿಸಿ ನೀರು ಸಿಂಪಡಿಸಿದೆ. ಒಣಗಿದಾಗ ಬಾರಿಸುವ ದಿಮ್ಮಿನ ಚರ್ಮದ ಹಾಗೆ ಬಿಗಿಯಾಯಿತು. ಬೆರಳಿಂದ ತಟ್ಟಿದರೆ ದನಿ ಬರುತ್ತದೆ. ನೀನೂ ತಟ್ಟಿ ನೋಡು.

ರೆಕ್ಕೆ, ಬಾಲ, ಪಂಖಾ, ರಬ್ಬರ್ ಎಲ್ಲ ಸೀರೆಯ ರಟ್ಟಿನ ಡಬ್ಬಿಯಲ್ಲಿಟ್ಟು ಸಾಗರನ ಕೈಗೆ ಕೊಟ್ಟಿದ್ದೇನೆ. ಕೆಳಗಿಡಬೇಡ, ಸೀಟಿನ ಮೇಲೆ ಇಡು ಎಂದರೆ, "ಹಂಗಾರ ಇದಕ್ಕೊಂದು ಟಿಕೆಟ್ ತಗಸ್ರಿ" ಎಂದ.

ಇವು ಕೊಟ್ಟದ್ದಲ್ಲ, ಕಡ. ಹಾರಿಸಿ ನೋಡಿ ತಿರುಗಿ ಕಳಿಸು. ಬಾ ಎಂದು ಬರೆಯಬೇಡ. ಆ ಹೊಸ್ತಿಲು ದಾಟುವುದಿಲ್ಲ ಎಂದು ಊರ ಮುಂದೆ ಹೇಳಿ ಬಂದವನು ನಾನು.

ಶ್ರೀಶೈಲ


ಮುನವಳ್ಳಿ
೨೭ ಜನೆವರಿ ೨೦೨೪

ಶ್ರೀಶೈಲಾ,

ಹಾಳಾಯಿತು.

ನಿನ್ನ ರೆಕ್ಕೆ ಸುಖವಾಗಿ ಬಂತು. ತಟ್ಟಿದೆ, ದನಿ ಬಂತು. ಸುಂದರಿ ದೀಪ ಹಚ್ಚಿದಳು. ಗಂಗಾ ಮೈಯನ್ನು ಹಿಡಿದು ನಿಂತಳು. ನಿನ್ನ ರೆಕ್ಕೆಯನ್ನು ಬಲಕ್ಕಿಟ್ಟೆ. ಹೇಳಿ ಮಾಡಿಸಿದಂತೆ ಕೂತಿತು. ನನ್ನದನ್ನು ಎಡಕ್ಕಿಟ್ಟೆ. ಕೂರಲಿಲ್ಲ. ದಪ್ಪ ಅಂಚು ಮುಂದಿರಬೇಕು, ಅದು ಹಿಂದಕ್ಕೆ ಹೋಯಿತು. ಅಂಚು ಮುಂದೆ ಬರಲೆಂದು ಬೋರಲು ಹಾಕಿದರೆ ಉಬ್ಬಿದ ಬೆನ್ನು ಕೆಳಗಾಯಿತು. ನನ್ನ ಕಣ್ಣಿನ ತಪ್ಪು ಎಂದುಕೊಂಡು ಮತ್ತೆ ಮತ್ತೆ ತಿರುಗಿಸಿದೆ. ಕೊನೆಗೆ ಗಂಗಾ ಮೆಲ್ಲಗೆ ಹೇಳಿದಳು: "ಅಪ್ಪಾ, ಎರಡೂ ಬಲಗಡೇವು."

ಇಬ್ಬರೂ ಒಂದೇ ಚಿತ್ರದ ಮೇಲೆ ಕಟ್ಟಿದ್ದೇವೆ. ಬಲರೆಕ್ಕೆಗೆ ಬಲರೆಕ್ಕೆ ಜೋಡಿ. ವಾಟ್ನಿಯಲ್ಲಿ ಎತ್ತಿನ ಜೋಡಿ ಒಡೆದ ಮೇಲೆ ನನ್ನ ಪಾಲಿಗೆ ಬಂದ ಎತ್ತು ಬಲಕ್ಕೆ ಹೂಡಿ ರೂಢಿಯಾದದ್ದು. ಅದಕ್ಕೆ ಜೋಡಿಯೆಂದು ಸಂತೆಯಿಂದ ತಂದದ್ದೂ ಬಲದ್ದೇ. ಎರಡೂ ನೊಗಕ್ಕೆ ಒಂದೇ ಕಡೆಯಿಂದ ಬಂದು ಕೊಂಬಾಡುತ್ತಿದ್ದವು. ಅದು ನೆನಪಾಗಿ ನಗು ಬಂತು. ನಕ್ಕದ್ದನ್ನು ಕಂಡು ಸುಂದರಿ ಹೆದರಿದಳು.

ಕಡ್ಡಿ ಉಳಿದಿಲ್ಲ. ಮತ್ತೆ ಕಟ್ಟಲು ಕಣ್ಣಿಲ್ಲ. ಈ ಸಾಲು ಎಲ್ಲಿ ಹೋಗುತ್ತಿದೆಯೋ ನನಗೆ ಕಾಣುತ್ತಿಲ್ಲ. ಬೆಳಿಗ್ಗೆ ಕ್ಯಾಲೆಂಡರ್ ಮುಂದೆ ನಿಂತೆ. ತಾರೀಖು ಗಂಗಾಳನ್ನು ಕೇಳಿ ಬರೆದಿದ್ದೇನೆ.

ನಿಜಗುಣ


ರಾಮದುರ್ಗ
೫ ಫೆಬ್ರುವರಿ ೨೦೨೪

ಅಣ್ಣಾ,

ನಿನ್ನ ಕಾಗದ ಓದಿ ಮೊದಲು ಸಿಟ್ಟು ಬಂತು. ಬಲರೆಕ್ಕೆ ನನ್ನದೆಂದು ನಾನು ತಿಳಿದಿದ್ದೆ. ನೀನು ನಿನ್ನದೆಂದು ತಿಳಿದಿದ್ದೆ. ಮಡಿವಾಳೆಪ್ಪ ಕಾಕಾ "ಒಬ್ಬಗ ಒಂದು" ಎಂದರೇ ಹೊರತು ಯಾರಿಗೆ ಯಾವುದು ಎನ್ನಲಿಲ್ಲ. ಅವರನ್ನು ಕೇಳೋಣವೆಂದರೆ ತೀರಿಕೊಂಡು ಎಷ್ಟೋ ವರ್ಷವಾಯಿತು. ಎಡ ಯಾರ ಪಾಲಿಗೂ ಬರಲಿಲ್ಲ ನೋಡು.

ಆಮೇಲೆ ಹಾಳೆ ತೆಗೆದು ನೋಡಿದೆ. ರೆಕ್ಕೆಯ ಚಿತ್ರ ಒಂದೇ ಇದೆ, ಎರಡಿಲ್ಲ. ಹಾಗಾದರೆ ಎಡದ್ದು ಕಟ್ಟುವುದು ಹೇಗೆಂದು ಎಲ್ಲಿಯಾದರೂ ಹೇಳಿರಲೇಬೇಕು. ಕತ್ತರಿಸಿದ ಅಂಚಿನಲ್ಲಿ ಸಣ್ಣ ಸಣ್ಣ ಕಡ್ಡಿಗಳಂತೆ ಏನೋ ಇದೆ. ಅಲಂಕಾರದ ಗೆರೆ ಎಂದುಕೊಂಡು ನಕಲು ತೆಗೆಯುವಾಗ ಬಿಟ್ಟಿದ್ದೆ. ಅದು ಇಂಗ್ಲಿಷಿನ ಒಂದು ಸಾಲು, ಅಣ್ಣಾ. ಕತ್ತರಿ ಸಾಲಿನ ನಡುವೆಯೇ ಹಾದಿದೆ. ಅಕ್ಷರಗಳ ತಲೆ ನನ್ನಲ್ಲಿವೆ, ಕಾಲು ನಿನ್ನಲ್ಲಿವೆ.

ನಿನ್ನ ಅರ್ಧ ಕಳಿಸು. ತಿರುಗಿ ಕೊಡುತ್ತೇನೆ ಎಂದು ಹೇಳುವುದಿಲ್ಲ. ಎರಡನ್ನೂ ಕೂಡಿಸಿ ಅಂಟಿಸಿಬಿಡುತ್ತೇನೆ.

ಕಣ್ಣು ಹೇಗಿದೆ, ಅದನ್ನು ಬರಿ. ಇಲ್ಲವೆ ಬರೆಸು.

ಶ್ರೀಶೈಲ


ಮುನವಳ್ಳಿ
೧೯ ಫೆಬ್ರುವರಿ ೨೦೨೪

ಶ್ರೀಶೈಲಾ,

ನಾನು ಹೇಳುತ್ತಿದ್ದೇನೆ, ಗಂಗಾ ಬರೆಯುತ್ತಿದ್ದಾಳೆ.

ನನ್ನ ಅರ್ಧ ಹಾಳೆ ಇದರೊಂದಿಗಿದೆ. ನನ್ನ ರೆಕ್ಕೆಯನ್ನೂ ಕಳಿಸಿದ್ದೇನೆ. ಒಂದನ್ನು ಬಿಚ್ಚಲೇಬೇಕು. ನನ್ನದನ್ನು ಬಿಚ್ಚು. ನಿನ್ನದು ಬಿಗಿಯಾಗಿದೆ, ಅದು ಬಲಕ್ಕೇ ಇರಲಿ. ಎಡ ನನ್ನ ಪಾಲಿಗೆ ಬರೆದುಕೊ. ಪಂಚರು ಬೇಡ.

ಕತ್ತರಿ ತಂದ ದಿನ ನೀನು ನನ್ನ ಮುಖ ನೋಡಿದೆ ಎಂದು ಬರೆದಿದ್ದೆ. ನೀನೇ "ಬ್ಯಾಡ್ರಿ, ಅಣ್ಣನ ಹತ್ರ ಇರಲಿ" ಎನ್ನುತ್ತೀಯೆಂದು ನಾನು ಕಾಯುತ್ತಿದ್ದೆ. ನೀನು ನನ್ನ ಬಾಯಿಂದ ಅದನ್ನೇ ಕಾಯುತ್ತಿದ್ದೆಯೇನೋ.

ಕಣ್ಣು: ಬೆಳಕು, ನೆರಳು ಗೊತ್ತಾಗುತ್ತವೆ. ಕಿಟಕಿ ಎಲ್ಲಿದೆ ಎಂದು ಗೊತ್ತಾಗುತ್ತದೆ. ಆಕಾಶ ಕಿಟಕಿಗಿಂತ ದೊಡ್ಡದು, ಅಲ್ಲಿ ಹಾರುವ ನೆರಳು ಗೊತ್ತಾದೀತು ಎಂದು ನಂಬಿದ್ದೇನೆ. ಅದಕ್ಕೇ ಅವಸರ. (ಇಲ್ಲಿ ಅಪ್ಪ ಎದ್ದು ಕಿಟಕಿಯವರೆಗೆ ಹೋಗಿ ಬಂದರು. ಗಂಗಾ)

ಕಾಲು ಹಿಡಿಯುತ್ತೇನೆ, ಬೇಗ ಮಾಡು.

ನಿಜಗುಣ


ರಾಮದುರ್ಗ
೧ ಮಾರ್ಚ್ ೨೦೨೪

ಅಣ್ಣಾ,

ಕಾಲು ಹಿಡಿಯುವ ಮಾತು ಇನ್ನೊಮ್ಮೆ ಆಡಿದರೆ ನೋಡು.

ಎರಡು ತುಂಡು ಕೂಡಿಸಿದೆ. ತಲೆಗೆ ಕಾಲು ಹತ್ತಿತು. ಸಾಲು ಇಷ್ಟೇ ಹೇಳುತ್ತದೆ: ಎಡ ರೆಕ್ಕೆಗೆ ಹಾಳೆಯನ್ನು ತಿರುವಿ ಹಾಕಿ, ಹಿಂಬದಿಯ ಮೇಲೆ ಕಟ್ಟಿರಿ. ಹಾಳೆಗೆ ಎಣ್ಣೆ ಸವರಿದೆ. ಗೆರೆಗಳು ಹಿಂದಿನಿಂದ ಎದ್ದು ಕಂಡವು. ಅಷ್ಟು ಸಣ್ಣ ಕೆಲಸ.

ಅಂಟು ಬಿಡಿಸಲು ಶೈಲಜಾಳ ಉಗುರುಬಣ್ಣ ತೆಗೆಯುವ ಔಷಧ ಹಚ್ಚಿದೆ. ಹೊಲಿಗೆ ಬಿಚ್ಚುವ ಹಾಗೆ ಒಂದೊಂದೇ ಬಿಡಿಸಿದೆ. ನಿನ್ನ ಅಂಟು ಕೆಲವು ಕಡೆ ಗೆರೆಯಿಂದ ದೂರ ಬಿದ್ದಿತ್ತು. ಅದನ್ನು ನೋಡಿ ಬ್ಲೇಡು ಕೆಳಗಿಟ್ಟು ಹೊರಗೆ ಹೋಗಿ ನಿಂತೆ. ಮುರಿದ ಪಕ್ಕೆಲುಬುಗಳ ಜಾಗಕ್ಕೆ ಸೀರೆ ಡಬ್ಬಿಯ ರಟ್ಟು ಕೊಯ್ದು ಹಾಕಿದ್ದೇನೆ. ತೂಕ ಸ್ವಲ್ಪ ಹೆಚ್ಚಾದೀತು.

ಕಾಗದ ಅಂಟಿಸುವುದು ಉಳಿದಿದೆ. ಶಿವರಾತ್ರಿಯ ಮರುವಾರ ಮುಟ್ಟಿಸುತ್ತೇನೆ. ಅಲ್ಲಿಯವರೆಗೆ ತಡೆ. ಹೇಗಾದರೂ ತಡೆ.

ಶ್ರೀಶೈಲ


ಮುನವಳ್ಳಿ
೧೦ ಮಾರ್ಚ್ ೨೦೨೪

ಕಾಕಾಗೆ ಗಂಗಾ ಮಾಡುವ ನಮಸ್ಕಾರಗಳು.

ಇದು ಅಪ್ಪ ಹೇಳಿ ಬರೆಸಿದ್ದಲ್ಲ. ಶಿವರಾತ್ರಿಯ ಮರುದಿನ ಬೆಳಿಗ್ಗೆ ಅಪ್ಪ, "ಗಂಗಾ, ಕಿಟಕಿ ಯಾಕ ಮುಚ್ಚೀರಿ?" ಎಂದರು. ಕಿಟಕಿ ತೆರೆದೇ ಇತ್ತು. ಹುಬ್ಬಳ್ಳಿಗೆ ಕರೆದೊಯ್ದೆವು. ಬಲಗಣ್ಣಿನೊಳಗೆ ರಕ್ತ ಒಡೆದಿದೆ, ಪರದೆ ಕಿತ್ತಿದೆ, ಇನ್ನು ಸೂಜಿ ಬೇಡ ಎಂದರು.

ಅಪ್ಪ ಅಳಲಿಲ್ಲ. ಬಸ್ಸಿನಲ್ಲಿ ಒಂದೇ ಮಾತು ಹೇಳಿದರು: "ನಿಮ್ಮ ಕಾಕಾಗ ತಿಳಿಸಬ್ಯಾಡ. ಪಾಪ, ರೆಕ್ಕಿ ಕಟ್ಟಾಕ ಹತ್ಯಾನ." ಮನೆಗೆ ಬಂದವರು ವಿಮಾನದ ಮೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾರೆ. ಊಟಕ್ಕೆ ಎಬ್ಬಿಸಿದರೂ ಕೆಳಗಿಡುವುದಿಲ್ಲ. ನಾನು ಫೋನ್ ಮಾಡಬಹುದಿತ್ತು. ಮಾತಾಡಲು ಹೋದರೆ ಅಳು ಬರುತ್ತದೆ, ಅಪ್ಪನಿಗೆ ಕೇಳಿಸುತ್ತದೆ.

ರೆಕ್ಕೆಯನ್ನು ಬಸ್ಸಿಗೆ ಕೊಡಬೇಡಿರಿ ಕಾಕಾ. ನೀವೇ ತಗೊಂಡು ಬರ್ರಿ.

ಗಂಗಾ


ರಾಮದುರ್ಗ
೨೧ ಮಾರ್ಚ್ ೨೦೨೪

ಅಣ್ಣಾ,

ಇದನ್ನು ಗಂಗಾ ನಿನಗೆ ಓದಿ ಹೇಳುತ್ತಾಳೆ. ಗಂಗಾ, ಒಂದು ಮಾತೂ ಬಿಡದೆ ಓದು.

ನಿನ್ನೆ ಹೊರಡುವಾಗ ನೀನು ನನ್ನ ಕೂಡ ಮಾತಾಡಲಿಲ್ಲ. ವೈನಿ ಹಿಂದೆಯೇ ಬಂದು, "ಅರ್ಧ ರೊಟ್ಟಿನೂ ತಿನ್ನಲಿಲ್ಲ ಶ್ರೀಶೈಲಾ, ವಿಮಾನ ಹಾರಲೇ ಇಲ್ಲ, ನನಗ ಮುಚ್ಚಿಡಾಕ ಹತ್ಯಾರ ಅಂತಾರ" ಎಂದರು. ನಾನು ಹಾಗೆಯೇ ಬಸ್ಸು ಹತ್ತಿಬಿಟ್ಟೆ. ಅದಕ್ಕೇ ಬರೆಯುತ್ತಿದ್ದೇನೆ.

ಹೊಸ್ತಿಲಲ್ಲಿ ನಿಂತಾಗ ನೀನು ನನ್ನ ಕೈಗಿಂತ ಮೊದಲು ಡಬ್ಬಿ ಹಿಡಿದೆ. ಬೆರಳಾಡಿಸಿ ಎಡರೆಕ್ಕೆಯನ್ನೆಲ್ಲ ನೋಡಿದೆ. "ಇದು ರಟ್ಟು ಅಲ್ಲೇನೋ?" ಎಂದೆ. ಹೌದೆಂದೆ ನಾನು. "ಸೀರಿ ವಾಸನಿ ಬರತೈತಿ" ಎಂದು ನೀನು ನಕ್ಕೆ. ಅಷ್ಟು ವರ್ಷಗಳ ಮೇಲೆ ನಿನ್ನ ನಗು ಕೇಳಿದೆ.

ಹಿನ್ನೀರು ಸರಿದು ಒಣಗಿದ ಬಯಲಿಗೆ ಹೋದೆವು. ಗಂಗಾಳನ್ನು ದೂರಕ್ಕೆ ಕಳಿಸಿದೆವು, ಬಿದ್ದಲ್ಲಿಂದ ಎತ್ತಿ ತರಲೆಂದು. ನಾನು ಪಂಖಾ ತಿರುವಿ ರಬ್ಬರ್ ಬಿಗಿ ಮಾಡಿದೆ. ನೀನು ಮೈ ಹಿಡಿದೆ. ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂದು ನಾನು ಹೇಳಬೇಕಾಗಲಿಲ್ಲ, ಮುಖ ತಿರುಗಿಸಿ ನೀನೇ ಕಂಡುಕೊಂಡೆ. "ಬಿಡ್ಲೇನು?" ಎಂದೆ ನೀನು. "ಬಿಡು" ಎಂದೆ ನಾನು. ನಿನ್ನ ಕೈಯಿಂದ ಅದರ ಗುಂಯ್‌ಗುಡುವ ದನಿ ಎದ್ದು ಹೋದದ್ದು ಇಬ್ಬರಿಗೂ ಕೇಳಿಸಿತು.

ಆಮೇಲೆ ನೀನು, "ಎಲ್ಲೈತೋ?" ಎಂದು ಕೇಳಿದೆ. "ಮ್ಯಾಲೈತಿ" ಎಂದೆ ನಾನು. "ಮ್ಯಾಲ ಅಂದ್ರ ಎಲ್ಲಿ? ಎಡಕ್ಕೋ, ಬಲಕ್ಕೋ? ನೆಟ್ಟಗ ಹೇಳೋ ಶ್ರೀಶೈಲಾ, ಈಗ ಎಲ್ಲೈತಿ?" ನೀನು ಕೇಳುತ್ತಲೇ ಇದ್ದೆ. ಮುಖವನ್ನು ಆಕಾಶದ ಎಲ್ಲ ಕಡೆಗೂ ತಿರುಗಿಸುತ್ತಿದ್ದೆ. ನಾನು ಉತ್ತರ ಕೊಡಲಿಲ್ಲ.

ಅಣ್ಣಾ, ನಾನು ಮುಚ್ಚಿಡಲಿಲ್ಲ. ನನಗೂ ಕಾಣಲಿಲ್ಲ. ಅದು ನಿನ್ನ ಕೈ ಬಿಟ್ಟ ಕೂಡಲೇ ನನ್ನ ಕಣ್ಣು ತುಂಬಿ ಹರಿಯಿತು. ಒರೆಸಿಕೊಂಡಷ್ಟೂ ಬಂತು. ನಿನ್ನ ಎದುರಿನ ಕತ್ತಲು ಕಪ್ಪಗಿತ್ತೇನೋ, ನನ್ನದು ಬರೀ ನೀರು. ಕಣ್ಣು ತಿಳಿಯಾದಾಗ ದನಿ ನಿಂತಿತ್ತು. ಕಾಣದ್ದನ್ನು ಕಂಡೆನೆಂದು ನಿನಗೆ ಹೇಳಲು ನಾಲಿಗೆ ತಿರುಗಲಿಲ್ಲ.

ಮಡಿವಾಳೆಪ್ಪ ಕಾಕಾ ಇದ್ದಿದ್ದರೆ ಮೆಚ್ಚುತ್ತಿದ್ದರು. ನಿನಗೂ ಇಲ್ಲ, ನನಗೂ ಇಲ್ಲ, ಸಮಪಾಲು.

ಬಾಲ, ಪಂಖಾ, ರಬ್ಬರ್ ಕಡ ಎಂದು ಬರೆದಿದ್ದೆ. ಅಲ್ಲೇ ಇರಲಿ. ಅಂಟಿಸಿದ ನಕ್ಷೆಯನ್ನೂ ಸೋಮವಾರ ನಾನೇ ತರುತ್ತೇನೆ.

ಆದರೆ ನಾವಿಬ್ಬರೂ ಕಾಣದ್ದನ್ನು ಒಬ್ಬಳು ಪೂರ್ತಿ ಕಂಡಿದ್ದಾಳೆ. ಬಯಲಿನ ಆ ತುದಿಯಿಂದ ವಿಮಾನ ಎದೆಗವಚಿಕೊಂಡು ಏನೋ ಕೂಗುತ್ತ ಓಡಿ ಬಂದಳು. ನಮ್ಮಿಬ್ಬರ ಮುಖ ನೋಡಿ ನಡುದಾರಿಯಲ್ಲೇ ಬಾಯಿ ಮುಚ್ಚಿದಳು. ಏನು ಕಂಡೆ ಎಂದು ಅವಳನ್ನು ಯಾರೂ ಕೇಳಲಿಲ್ಲ.

ಗಂಗಾ, ಕಾಗದವನ್ನು ಇಲ್ಲಿಗೆ ಮಡಚಿಡು. ಅಪ್ಪನ ಪಕ್ಕದಲ್ಲಿ ಕೂತುಕೋ. ವಿಮಾನ ಅವನ ಕೈ ಬಿಟ್ಟಲ್ಲಿಂದ ಹೇಳಲು ಶುರುಮಾಡು.

ಶ್ರೀಶೈಲ